ತಾತ ಕಾಲಿಡದ ಮನೆ

ಸಿಂಚನಾ, ಚಿರಂತ್,

ಹೋದ ವಾರ ಗೌರಿ ಹಬ್ಬದ ಸಾಮಾನಿಗೆ ಅಂತ ನಿಮ್ಮಮ್ಮನ ಜೊತೆ ಗಾಂಧಿಬಜಾರಿಗೆ ಹೋಗಿದ್ದೆ. ಫುಟ್‌ಪಾತಿನ ಮೇಲೆ ಅರಿಶಿನ ಬಳಿದ ಮೊರಗಳನ್ನು ಜೋಡಿಜೋಡಿಯಾಗಿ ಪೇರಿಸಿಟ್ಟಿದ್ದರು. ಬೆಳಿಗ್ಗೆ ಒಂದು ಮಳೆ ಬಂದು ನಿಂತಿತ್ತು. ಹೊಸ ಬಿದಿರಿಗೆ ಅರಿಶಿನ ಸೇರಿ, ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಒಂದು ವಾಸನೆ ಏಳುತ್ತದೆ. ನಿಮ್ಮಮ್ಮ ಚೌಕಾಸಿ ಮಾಡುತ್ತಿದ್ದಳು. ನಾನು ಪಕ್ಕದ ಹೂವಿನವಳ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಯಾಕತ್ತೆ, ತಲೆ ಸುತ್ತು ಬಂತಾ?" ಅಂದಳು. "ಇಲ್ಲಮ್ಮ, ಕಾಲು ನೋವು" ಅಂದೆ.

ಅವತ್ತೇ ಸಂಜೆ ಚಿರಂತ್, ನೀನು ಫೋನು ತಂದು ತೋರಿಸಿದೆ. ನಾನಿದ್ದ ಹಳೇ ಕಾರ್ಯಕ್ರಮವನ್ನು ಯಾರೋ ಕತ್ತರಿಸಿ, ಹಿಂದೆ ಒಂದು ಮ್ಯೂಸಿಕ್ ಹಾಕಿ, 'ಸೈಲೆಂಟ್ ಕಿಲ್ಲರ್ ತಾಯಮ್ಮ' ಅಂತ ಬರೆದಿದ್ದರು. "ಅಜ್ಜಿ, ನಿಜ ಹೇಳಿ, ನಿಮ್ಮ ಸ್ಟ್ರಾಟಜಿ ಏನಿತ್ತು?" ಅಂತ ಕೇಳಿದೆ. ನಾನು ನಕ್ಕೆ. ಉತ್ತರ ಬಾಯಿಗೆ ಬರಲಿಲ್ಲ. ನನಗೆ ಯಾವುದೂ ಬಾಯಿಗೆ ಬೇಗ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಾಗಡಿ ಕಡೆಯ ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು ನಾನು, ತಪ್ಪಿದ್ದರೆ ಇರಲಿ. ಸಿಂಚನಾ, ನೀನು ಕೆಂಪು ಪೆನ್ನು ಹಿಡಿದುಕೊಂಡು ಕೂರಬೇಡ.

ಅದು ನಿಮ್ಮ ತಾತ ತೀರಿಕೊಂಡ ವರ್ಷ. ನೀವಿಬ್ಬರೂ ಚಿಕ್ಕವರು.

ತಾತ ಕಲಾಸಿಪಾಳ್ಯದಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದರು, ಗೊತ್ತಲ್ಲ. ಸಂಜೆ ಬಾಗಿಲೆಳೆದು ಚಾಮರಾಜಪೇಟೆಗೆ ನಡೆದು ಬಂದು, ಕೈಕಾಲು ತೊಳೆದು ಟೀವಿ ಮುಂದೆ ಕುಳಿತರೆ ಅವರಿಗೆ ಬೇಕಾಗಿದ್ದದ್ದು ಈ ಜಗಳದ ಕಾರ್ಯಕ್ರಮಗಳೇ. ಒಂದು ಮನೆಯಲ್ಲಿ ಒಂದಷ್ಟು ಜನರನ್ನು ಕೂಡಿಹಾಕಿ ವಾರಕ್ಕೊಬ್ಬರನ್ನು ಆಚೆ ಕಳಿಸುತ್ತಾರಲ್ಲ, ಅವು. "ನೋಡ್ತಾ ಇರು, ಇವನು ಈಗ ಅವಳ ಜೊತೆ ಸೇರ್ಕೊಂಡು ಇನ್ನೊಬ್ಬನ್ನ ಕಳಿಸ್ತಾನೆ. ಥೇಟ್ ನಮ್ಮ ಮಂಡಿ ದಲ್ಲಾಳಿ ಬುದ್ಧಿ" ಅಂತ ನನಗೆ ವಿವರಿಸುತ್ತಿದ್ದರು. ನಾನು ಹ್ಞೂಂ ಅನ್ನುತ್ತಾ ಸೊಪ್ಪು ಬಿಡಿಸುತ್ತಿದ್ದೆ.

ಆಗ ಯಾವುದೋ ಸಣ್ಣ ಚಾನೆಲ್ಲಿನವರು ವಯಸ್ಸಾದ ಹೆಂಗಸರಿಗೇ ಅಂತ ಅಂಥದ್ದೊಂದು ಶುರು ಮಾಡಿದರು. 'ಒಂಬತ್ತಂಕಣ' ಅಂತ ಹೆಸರು, ಹಳ್ಳಿ ಕಡೆ ಹಳೇ ಕಾಲದ ದೊಡ್ಡ ಮನೆಗೆ ಹಾಗನ್ನುತ್ತಾರೆ. ತಾತ ನನಗೆ ಗೊತ್ತಿಲ್ಲದ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ವೀಡಿಯೋ ಮಾಡಿದ್ದರು. ನಾನು ಅವರೆಕಾಳು ಹಿಸುಕುತ್ತಾ ನಿಮ್ಮಮ್ಮನಿಗೆ ನಮ್ಮೂರಿನ ಒಂದು ಕಳ್ಳ ಎಮ್ಮೆಯ ಕಥೆ ಹೇಳುತ್ತಿದ್ದೆ. 'ಇವಳಿಗೆ ಮಾತು ಬರಲ್ಲ ಅಂತ ಎಲ್ಲರೂ ಅಂತಾರೆ, ನೋಡಿ' ಅಂತ ಬರೆದು ಚಾನೆಲ್ಲಿಗೆ ಕಳಿಸಿಬಿಟ್ಟರು. ಕಳಿಸಿದ್ದನ್ನೂ ನನಗೆ ಹೇಳಲಿಲ್ಲ. ಆಮೇಲೆ ಯುಗಾದಿ ಬಂತು. ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಅಂಗಡಿ ಬಾಗಿಲು ಎಳೆಯಲು ಬಗ್ಗಿದವರು ಮತ್ತೆ ಏಳಲಿಲ್ಲ.

ಚಾನೆಲ್ಲಿನಿಂದ ಫೋನು ಬಂದದ್ದು ಆಷಾಢದಲ್ಲಿ. ನಿಮ್ಮಪ್ಪ ತಾತನ ವಿಷಯ ಹೇಳಿ, ಆಗಲ್ಲ ಅಂತ ಇಡುವುದರಲ್ಲಿದ್ದ. ನಾನು ಪಕ್ಕದಲ್ಲಿದ್ದವಳು "ಹೋಗ್ತೀನಿ ಅಂತ ಹೇಳು ಮಂಜು" ಅಂದೆ. ಅವನು ನನ್ನ ಮುಖವನ್ನೇ ನೋಡಿದ. ತಾತನ ತಂಗಿ, ನಿಮ್ಮ ಚಿಕ್ಕಜ್ಜಿ, ಎದ್ದು ಬಂದೇಬಿಟ್ಟರು. "ವರ್ಷ ತುಂಬಿಲ್ಲ. ಬರೀ ಹಣೆ ಇಟ್ಕೊಂಡು ಟೀವೀಲಿ ಕೂರ್ತೀಯಾ ಅತ್ತಿಗೆ? ಊರೋರು ಏನಂತಾರೆ?" ನಿಮ್ಮಪ್ಪ, "ಅಪ್ಪನೇ ಕಳಿಸಿದ್ದು ಅತ್ತೆ, ಹೋಗಲಿ ಬಿಡಿ" ಅಂದ. ಗಂಡನ ಆಸೆ ನಡೆಸಲು ಹೊರಟಿದ್ದಾಳೆ ಅಂತ ಎಲ್ಲರೂ ತಿಳಿದರು. ನಾನು ಬೇರೆ ಏನೂ ಹೇಳಲಿಲ್ಲ.

ಈಗ ಹೇಳುತ್ತೇನೆ. ಕಾಲು ಜೋಮು ಹಿಡಿದಾಗ ನೆಲ ಮುಟ್ಟಿದ್ದು ಗೊತ್ತಾಗುವುದಿಲ್ಲವಲ್ಲ, ಆಗ ನಾನು ಪೂರ್ತಿ ಹಾಗೆ ಆಗಿದ್ದೆ. ಅಳು ಬರಲಿಲ್ಲ. ಉಂಡದ್ದಕ್ಕೆ ರುಚಿ ಇರಲಿಲ್ಲ. ಆದರೆ ಮನೆಯಲ್ಲಿ ಒಂದೊಂದು ವಸ್ತುವೂ ಅವರು ಇಲ್ಲ ಅನ್ನುತ್ತಿತ್ತು. ಅವರ ಮಂಚ, ಟೀವಿ ರಿಮೋಟು, ನಲ್ಲಿ ಹತ್ತಿರ ಅವರು ಚಪ್ಪಲಿ ಬಿಡುತ್ತಿದ್ದ ಜಾಗ. ಸಂಜೆಯಾದರೆ ಗೇಟಿನ ಕಡೆ ಕಿವಿ ಹೋಗುತ್ತಿತ್ತು. ಫೋನು ಬಂದಾಗ ನನಗೆ ಹೊಳೆದದ್ದು ಒಂದೇ: ಅದು ಅವರು ಎಂದೂ ಕಾಲಿಡದ ಮನೆ. ಅಲ್ಲಿ ಅವರು ಯಾವತ್ತೂ ಇರಲಿಲ್ಲ, ಹಾಗಾಗಿ ಅವರು ಇಲ್ಲ ಅನ್ನುವುದೂ ಅಲ್ಲಿ ಇರುವುದಿಲ್ಲ. ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಅಲ್ಲಿ ಇದ್ದುಬಿಡಬೇಕು. ನನ್ನ ಆಟವೆಲ್ಲಾ ಅಷ್ಟೇ.

ಬಸವನಗುಡಿಯ ಒಂದು ಹಳೇ ಬಂಗಲೆ ಅದು. ನಮ್ಮನೆಯಿಂದ ಆಟೋದಲ್ಲಿ ಮಿನಿಮಮ್ಮಿಗಿಂತ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೇ ದೂರ. ಕಾಂಪೌಂಡಿನಲ್ಲಿ ಒಂದು ಸಂಪಿಗೆ ಮರ. ನಮ್ಮ ರಸ್ತೆಗೆ ಬರುವ ತರಕಾರಿ ಗಾಡಿಯವನು ಅಲ್ಲಿಗೂ ಬರುತ್ತಿದ್ದ, ಅವನ ಮೈಕಿನ 'ಟೊಮೇಟೋ ಈರುಳ್ಳಿ' ಗೋಡೆಯಾಚೆ ಕೇಳುತ್ತಿತ್ತು. ಆದರೆ ಗೇಟು ದಾಟುವ ಹಾಗಿಲ್ಲ. ಮೂಲೆಮೂಲೆಯಲ್ಲಿ ಕ್ಯಾಮೆರಾ. ಸೊಂಟಕ್ಕೆ ಮೈಕಿನ ಚೀಲ. ಮಳೆ ಜೋರಾಗಿ ಬಂದರೆ ಸೌಂಡ್ ಸರಿಯಿಲ್ಲ ಅಂತ ನಮ್ಮ ಜಗಳವನ್ನೂ ನಿಲ್ಲಿಸಿ, ಮಳೆ ನಿಂತ ಮೇಲೆ ಮತ್ತೆ ಶುರು ಮಾಡಿ ಅನ್ನುತ್ತಿದ್ದರು.

ಸ್ಪೀಕರಿನಲ್ಲಿ ಒಂದು ಗಂಡಸಿನ ದನಿ ನಮಗೆ ಅಪ್ಪಣೆ ಕೊಡುತ್ತಿತ್ತು. ಅದನ್ನು 'ಯಜಮಾನರೇ' ಅಂತ ಕರೆಯಬೇಕು ಅಂದರು. ನನಗೆ ಬಾಯಿ ಬರಲಿಲ್ಲ. ನಾನು 'ಸಾರ್' ಅನ್ನುತ್ತಿದ್ದೆ.

ಡೈರೆಕ್ಟರು ಇನ್ನೂ ಮದುವೆಯಾಗದ ಹುಡುಗಿ. ವೀಡಿಯೋದಲ್ಲಿ ನನ್ನ ಹಣೆ ತುಂಬಾ ಕುಂಕುಮ ನೋಡಿದ್ದವಳು, ಎದುರಿಗೆ ನೋಡಿ ಒಂದು ಗಳಿಗೆ ತಡವರಿಸಿದಳು. ಆಮೇಲೆ ಜೊತೆಯವನಿಗೆ ಮೆಲ್ಲಗೆ, "ಪರವಾಗಿಲ್ಲ, ಎಮೋಷನ್ ಬರುತ್ತೆ" ಅಂದದ್ದು ಕೇಳಿಸಿತು. ಪಾಪ, ಆ ಹುಡುಗಿ ಕೊನೆಯವರೆಗೂ ಕಾದಳು. ನಾನು ಅಳಲೇ ಇಲ್ಲ.

ಮೊದಲು ಬಂದ ಕೆಲವರು ಬೇಗ ಹೊರಟುಹೋದರು. ಗೌರಿ ಹಬ್ಬದ ಹೊತ್ತಿಗೆ ಉಳಿದದ್ದು ಆರು ಜನ, ಎರಡು ಕಡೆ. ಮಲ್ಲೇಶ್ವರದ ವಿಮಲಾ ಮೇಡಂದು ಒಂದು ಕಡೆ. ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ರಿಟೈರಾದವರು. ಶಾಸ್ತ್ರ, ಮಡಿ, ಮೈಲಿಗೆ ಅಂದರೆ ಉರಿದುಬೀಳುತ್ತಿದ್ದರು. ಅವರ ಜೊತೆ ಲಲಿತಾ, ಮೇಡಂ ಹೇಳಿದ್ದಕ್ಕೆ ತಲೆಯಾಡಿಸುವವಳು. ಇನ್ನೊಂದು ಕಡೆ ಬಸವನಗುಡಿಯ ಪಂಕಜಮ್ಮನವರು. ಭಜನಾ ಮಂಡಳಿ ನಡೆಸುವವರು, ಸ್ನಾನ ಮಾಡದೆ ಒಲೆ ಮುಟ್ಟುವವರಲ್ಲ. ಅವರ ಜೊತೆ ಕಾಮಾಕ್ಷಿ, ಸದಾ ಜಪಸರ ಹಿಡಿದು ತೂಕಡಿಸುವವಳು. ಉಳಿದವರು ನಾನು ಮತ್ತು ನಾಗರತ್ನ.

ನಾಗರತ್ನ ನಿಮಗೆ ಗೊತ್ತು, ಹಬ್ಬಕ್ಕೆ ಫೋನು ಮಾಡುತ್ತಾಳಲ್ಲ, ಅವಳೇ. ನಮ್ಮ ಚಾಮರಾಜಪೇಟೆಯವಳೇ, ಸೀರೆಗೆ ಫಾಲ್ ಹಾಕುವ ಅಂಗಡಿಯವಳು. ಗಂಡ ಮೆಜೆಸ್ಟಿಕ್ಕಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಹೋದವನು, ಮಗಳು ತೊಟ್ಟಿಲಲ್ಲಿದ್ದಾಗ. ಆ ಮಗಳಿಗೆ ಈಗ ಮಕ್ಕಳಿದ್ದಾರೆ. "ಯಾವ ಬಸ್ಸು ಸಿಗಲಿಲ್ವೋ ಏನೋ ಪಾಪ, ಇನ್ನೂ ಕಾಯ್ತಿದಾನೆ" ಅನ್ನುತ್ತಿದ್ದಳು. ಕುಂಕುಮ, ತಾಳಿ, ಬಳೆ ಎಲ್ಲವೂ ಇತ್ತು ಅವಳಿಗೆ.

ವಾರಕ್ಕೊಮ್ಮೆ ಒಬ್ಬೊಬ್ಬರಾಗಿ ಉಗ್ರಾಣಕ್ಕೆ ಹೋಗಿ, ಯಾರು ಮನೆಗೆ ಹೋಗಬೇಕು ಅಂತ ಒಂದು ಹೆಸರು ಹೇಳಬೇಕಿತ್ತು. ಅದಕ್ಕೆ ಎರಡು ದಿನ ಮೊದಲೇ ಪಿಸುಪಿಸು ಶುರುವಾಗುತ್ತಿತ್ತು. ನಾನು ತೊಳೆದ ಬಟ್ಟೆ ಹರವುತ್ತಿದ್ದರೆ ವಿಮಲಾ ಮೇಡಂ ಬಂದು ಒಂದು ತುದಿ ಹಿಡಿಯುತ್ತಿದ್ದರು. "ತಾಯಮ್ಮನವರೇ, ಈ ಸಲ ಅವರ ಹೆಸರು. ನೀವು ನಮ್ಮ ಜೊತೆ ಇದೀರ ತಾನೇ?" ಅನ್ನುತ್ತಿದ್ದರು. ನಾನು ಸುಮ್ಮನೆ ಸೀರೆ ಜಾಡಿಸುತ್ತಿದ್ದೆ. ಅವರು ಸಮಾಧಾನವಾಗಿ ಹೋಗುತ್ತಿದ್ದರು. ಸಂಜೆ ಬತ್ತಿ ಹೊಸೆಯುವಾಗ ಪಂಕಜಮ್ಮನವರು, "ನೋಡ್ರೀ ತಾಯಮ್ಮ, ನಾವು ನಾವು ಒಂದಾಗಿರಬೇಕು. ಏನಂತೀರಿ?" ಅನ್ನುತ್ತಿದ್ದರು. ನಾನು ಬತ್ತಿ ಹೊಸೆಯುತ್ತಿದ್ದೆ. ಅವರೂ ಸಮಾಧಾನವಾಗಿ ಹೋಗುತ್ತಿದ್ದರು. ನಮ್ಮ ಕಡೆ ಹೆಣ್ಣು ಕೇಳಲು ಬಂದಾಗ ಹುಡುಗಿ ಸುಮ್ಮನಿದ್ದರೆ ಒಪ್ಪಿಗೆ ಅಂತ ಲೆಕ್ಕ. ಪಟ್ಟಣದಲ್ಲೂ ಹಾಗೇ ಲೆಕ್ಕ ಹಾಕುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ನಾಗರತ್ನ ಒಂದು ದಿನ ಹಾಸಿಗೆ ಮಡಚುತ್ತಾ ನಕ್ಕಳು. "ಏನೇ ತಾಯಮ್ಮ, ಅವರೂ ನಿನ್ನ ನಮ್ಮವಳು ಅಂತಾರೆ, ಇವರೂ ನಮ್ಮವಳು ಅಂತಾರೆ. ಒಂದೇ ಮನೆ ಇಬ್ಬರಿಗೆ ಬಾಡಿಗೆ ಕೊಟ್ಟಂಗಾಯ್ತು. ಒಳಗೆ ಹೋಗಿ ಯಾರ ಹೆಸರು ಹೇಳ್ತೀಯ ನೀನು?"

"ಯಾರು ಮನೆ ನೆನೆಸಿಕೊಂಡು ಅಳ್ತಿರ್ತಾರೋ ಅವರದ್ದು" ಅಂದೆ.

ಅವಳು ಹೊದಿಕೆ ಹಿಡಿದುಕೊಂಡೇ ನಿಂತಳು. ನಿಜವಾಗಿ ನಾನು ಅಷ್ಟೇ ಮಾಡುತ್ತಿದ್ದೆ. ಮೊಮ್ಮಗಳ ಜಡೆ ಹಾಕೋರಿಲ್ಲ ಅಂತ ಒಬ್ಬರು ಅಳುತ್ತಿದ್ದರು, ಅವರ ಹೆಸರು ಹೇಳಿದೆ. ಇನ್ನೊಬ್ಬರಿಗೆ ಮನೆಯ ನಾಯಿಯ ಚಿಂತೆ, ಅವರ ಹೆಸರು ಹೇಳಿದೆ. ಹೋಗಬೇಕು ಅನ್ನುವವರು ಹೋಗಲಿ, ಇರಬೇಕು ಅನ್ನುವವಳು ನಾನು ಇರುತ್ತೇನೆ. ಅಳುವವರು ಆಟದಲ್ಲೂ ಸೋಲುತ್ತಿದ್ದರು, ಹಾಗಾಗಿ ಒಂದಲ್ಲ ಒಂದು ಕಡೆಯವರು ಅವರದೇ ಹೆಸರು ಹೇಳಿರುತ್ತಿದ್ದರು. ಹೊರಗೆ ಜನ ನನ್ನನ್ನು ದೊಡ್ಡ ಆಟಗಾರ್ತಿ ಅಂತ ತಿಳಿದುಕೊಂಡರಂತೆ. ಅದೇ ಚಿರಂತ್ ನಿನ್ನ ಫೋನಿನಲ್ಲಿ ಬಂದದ್ದು.

ಭಾದ್ರಪದ ಬಂತು. ದಿನವೆಲ್ಲಾ ಜಿನುಗು ಮಳೆ, ಸಂಪಿಗೆ ಎಲೆಯಿಂದ ತೊಟತೊಟ ನೀರು. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಆರು ಜೊತೆ ಮೊರ ತಂದಿಟ್ಟರು, ಹೊಸ ಬಿದಿರು, ಹಸಿ ಅರಿಶಿನ. ಒಳಗೆ ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಅರಿಶಿನ ಕುಂಕುಮದ ಡಬ್ಬಿ, ಕನ್ನಡಿ, ಬಾಚಣಿಗೆ, ಕರಿಮಣಿ, ಹಸಿರು ಬಳೆ. ಸ್ಪೀಕರಿನ ದನಿ ಹೇಳಿತು: ನಾಡಿದ್ದು ಹಬ್ಬದ ದಿನ ಒಬ್ಬೊಬ್ಬರೂ ತಮ್ಮ ಬಾಗಿನವನ್ನು ಮನೆಯಲ್ಲಿ ಉಳಿಯಬೇಕು ಅನ್ನಿಸಿದ ಒಬ್ಬರಿಗೆ ಕೊಡಬೇಕು. ತಾನೇ ಇಟ್ಟುಕೊಳ್ಳುವ ಹಾಗಿಲ್ಲ. ಯಾರಿಗೆ ಬಾಗಿನ ಬರುವುದಿಲ್ಲವೋ ಅವರು ಆ ಸಂಜೆಯೇ ಮನೆಗೆ. ಎಲ್ಲರಿಗೂ ಒಂದೊಂದು ಬಂದರೆ ಆ ವಾರ ಯಾರೂ ಹೋಗುವುದಿಲ್ಲ.

ಗಾಜಿನ ಹಿಂದೆ ಕೂತ ಡೈರೆಕ್ಟರ್ ಹುಡುಗಿಗೂ, ಅವಳ ಜೊತೆಯವರಿಗೂ ಇದರ ಶಾಸ್ತ್ರ ಗೊತ್ತಿರಲಿಲ್ಲ. ಮಕ್ಕಳೇ, ನಿಮಗೂ ಗೊತ್ತಿರಲಿಕ್ಕಿಲ್ಲ. ಗೌರಿ ಬಾಗಿನ ಮುತ್ತೈದೆ ಮುತ್ತೈದೆಗೆ ಕೊಡುವುದು. ಗಂಡ ಇಲ್ಲದವಳು ತೆಗೆದುಕೊಳ್ಳುವ ಹಾಗಿಲ್ಲ, ಕೊಡುವ ಹಾಗಂತೂ ಇಲ್ಲವೇ ಇಲ್ಲ. ಐದು ಜನರೂ ನನ್ನ ಕಡೆ ನೋಡದೇ ಇರಲು ಕಷ್ಟಪಡುತ್ತಿದ್ದರು. ನನ್ನ ಎದೆಯಲ್ಲಿ ಏನೂ ಆಗಲಿಲ್ಲ. ಆಚೆ ಹೋಗಬೇಕಾಗುತ್ತದೆ ಅಂತ ಒಂದೇ ಯೋಚನೆ. ಆ ಮಂಚ, ಆ ಗೇಟು.

ಮಧ್ಯಾಹ್ನ ವಿಮಲಾ ಮೇಡಂ ಅಡುಗೆಮನೆಗೇ ಬಂದರು, ಹಿಂದೆ ಲಲಿತಾ. "ಇದೆಲ್ಲಾ ನಾನ್ಸೆನ್ಸ್. ನನ್ನ ಬಾಗಿನ ನಿಮಗೆ, ತಾಯಮ್ಮನವರೇ. ಎಲ್ಲರ ಎದುರಿಗೇ ಕೊಡ್ತೀನಿ. ನಿಮ್ಮದು ಲಲಿತಂಗೆ. ಲಲಿತಂದು ನನಗೆ. ಮೂರೂ ಜನ ಸೇಫ್."

ಲಲಿತಾ ಸೆರಗಿನ ತುದಿ ಸುತ್ತುತ್ತಾ, "ಅಲ್ಲ ಮೇಡಂ, ಇವರದ್ದು ನನಗೆ ಅಂದ್ರೆ..." ಅಂದಳು.

"ಏನಾಗುತ್ತೆ ನಿನಗೆ? ಕೊಂಬು ಬರುತ್ತಾ? ಕಾಲೇಜು ಓದಿದೀಯ, ನಾಚಿಕೆ ಆಗಲ್ವಾ?"

ಲಲಿತಾ ತಲೆಯಾಡಿಸಿದಳು. ನಾನು ಬೀನ್ಸು ಹೆಚ್ಚುತ್ತಿದ್ದೆ. ಸುಮ್ಮನಿದ್ದೆ. ಒಪ್ಪಿಗೆ ಅಂತ ಆಯಿತು.

ಪಂಕಜಮ್ಮನವರ ಕಡೆಯೂ ಹಾಗೇ ಮೂವರ ಲೆಕ್ಕ ಆಯಿತಂತೆ. ನಾಗರತ್ನ ಬಂದು ಹೇಳಿದಳು: "ನಂದು ಕಾಮಾಕ್ಷಿಗೆ, ಕಾಮಾಕ್ಷಿದು ಪಂಕಜಮ್ಮಂಗೆ, ಪಂಕಜಮ್ಮಂದು ನನಗೆ. ನೀವು ಮೂರು ನಾವು ಮೂರು. ಯಾರೂ ಹೋಗಲ್ಲ ಬಿಡು. ಆ ಡೈರೆಕ್ಟರ್ ಹುಡುಗಿ ತಲೆ ಮೇಲೆ ಕೈ ಹೊತ್ಕೊಳ್ಳಲಿ." ಆಮೇಲೆ ನನ್ನ ಮುಖ ನೋಡಿ, "ಮೇಡಂ ಕೊಡ್ತಾರಾ?" ಅಂದಳು.

"ಕೊಡ್ತೀನಿ ಅಂದ್ರು."

"ಅಂದ್ರು" ಅಂದಳು ಅವಳು. ಅಷ್ಟೇ.

ಹಬ್ಬದ ದಿನ ಎಲ್ಲರೂ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ನಾನು ಬೂದು ಬಣ್ಣದ ಒಂದು ಸೀರೆ ಉಟ್ಟುಕೊಂಡೆ. ಗೌರಿಯನ್ನು ಕೂರಿಸಿದ್ದರು. ಪೂಜೆ ಆಗುವವರೆಗೆ ಕಂಬದ ಪಕ್ಕ ನಿಂತಿದ್ದೆ. ಮೊದಲು ವಿಮಲಾ ಮೇಡಂ ಹೆಸರು ಕರೆದರು.

ಮೇಡಂ ಮೊರ ಎತ್ತಿಕೊಂಡು, ಅದರ ಮೇಲೆ ಸೆರಗು ಮುಚ್ಚಿ, ನೆಟ್ಟಗೆ ನನ್ನ ಕಡೆಗೇ ಬಂದರು. ಅವರ ಹಿಂದೆ ಕ್ಯಾಮೆರಾದವನೂ ಬಂದ. ಎರಡು ಹೆಜ್ಜೆ ದೂರದಲ್ಲಿ ನಿಂತರು. ಬಾಯಿ ತೆರೆದರು, ಬಹುಶಃ ಒಂದು ಭಾಷಣ ಯೋಚಿಸಿಕೊಂಡಿದ್ದರು. ಮೊರದೊಳಗೆ ಬಳೆ ಕಿಣಿಕಿಣಿ ಅನ್ನುತ್ತಿತ್ತು. ನಾನು ಸೆರಗು ಮುಂದೆ ಮಾಡಿ ಕಾದೆ. ಅವರ ಕಣ್ಣು ನನ್ನ ಹಣೆಯ ಮೇಲೆ ನಿಂತಿತ್ತು. ಆಮೇಲೆ ಅವರು ಪಕ್ಕಕ್ಕೆ ತಿರುಗಿ ಲಲಿತಾಗೆ ಕೊಟ್ಟುಬಿಟ್ಟರು.

ಅವರ ಯಜಮಾನರಿಗೆ ಮಾರನೇ ದಿನ ಹೃದಯದ ಆಪರೇಷನ್ ಇತ್ತು. ಹಿಂದಿನ ದಿನ ಮನೆಯಿಂದ ಫೋನು ಬಂದಿತ್ತಂತೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಲಲಿತಾ ಮೇಡಂಗೆ ಕೊಟ್ಟಳು. ನಾಗರತ್ನ ಹೇಳಿದ ಹಾಗೆ ಕಾಮಾಕ್ಷಿಗೆ, ಕಾಮಾಕ್ಷಿ ಪಂಕಜಮ್ಮನವರಿಗೆ. ಉಳಿದದ್ದು ಪಂಕಜಮ್ಮನವರದು ಮತ್ತು ನನ್ನದು. ಬಾಗಿನ ಬರದೇ ಇದ್ದವರು ನಾನು, ನಾಗರತ್ನ. ಪಂಕಜಮ್ಮನವರು ನಾಗರತ್ನಳಿಗೆ ಮಾತು ಕೊಟ್ಟಿದ್ದರು. ಕೊಟ್ಟರೆ ನನ್ನ ಕಥೆ ಮುಗಿಯಿತು. ನಾನು ಆಗಲೇ ಮನಸ್ಸಿನಲ್ಲಿ ಬಟ್ಟೆ ಮಡಚಲು ಶುರು ಮಾಡಿದ್ದೆ.

ಪಂಕಜಮ್ಮನವರು ಮೊರವನ್ನು ನೆಲಕ್ಕಿಟ್ಟು ಅದರ ಮುಂದೆ ಕುಳಿತರು. ಒಂದು ಸ್ಟೀಲ್ ತಟ್ಟೆ ತರಿಸಿಕೊಂಡರು. ಮೇಲಿನ ಮೊರ ತೆಗೆದರು. ಕುಂಕುಮದ ಡಬ್ಬಿ ಎತ್ತಿ ತಟ್ಟೆಗಿಟ್ಟರು. ಅರಿಶಿನದ್ದನ್ನು ಇಟ್ಟರು. ಕರಿಮಣಿ ಇಟ್ಟರು. ಬಳೆಗಳ ದಾರ ಬಿಚ್ಚಿಹೋಗಿತ್ತು, ಅಕ್ಕಿಯೊಳಗೆ ಸೇರಿಕೊಂಡಿದ್ದವು. ಒಂದೊಂದನ್ನೇ ಹುಡುಕಿ ತೆಗೆದು ತಟ್ಟೆಗೆ ಹಾಕಿದರು. ಠಣ್, ಠಣ್ ಅಂತ ಶಬ್ದ. ಮಳೆಯೂ ನಿಂತಿತ್ತು. ಬೇರೆ ಸದ್ದೇ ಇರಲಿಲ್ಲ.

"ಮುತ್ತೈದೆ ಬಾಗಿನ ನಿಮಗೆ ಕೊಡೋಕೆ ನನಗೆ ಬರಲ್ಲ ತಾಯಮ್ಮ, ಸುಳ್ಳು ಹೇಳಲ್ಲ" ಅಂದರು, ತಲೆ ತಗ್ಗಿಸಿ ಅಕ್ಕಿಯೊಳಗೆ ಬೆರಳಾಡಿಸುತ್ತಲೇ. "ಆದ್ರೆ ತವರಿನೋರು ಮಗಳಿಗೆ ಕೊಡೋದು ನಿಲ್ಲಿಸಲ್ಲ ಅಲ್ವೇನ್ರೀ? ಅಕ್ಕಿ ಬೇಳೆ ಬೆಲ್ಲಕ್ಕೆ ಏನೂ ದೋಷ ಇಲ್ಲ. ಅಕ್ಕನ ಮನೇದು ಅಂತ ತಗೊಳ್ಳಿ." ರವಿಕೆ ಕಣವನ್ನು ನೀಟಾಗಿ ಮಡಚಿ ಕಾಯಿಯ ಪಕ್ಕ ಇಟ್ಟು, ಎರಡೂ ಕೈಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು.

ಆ ಅಮ್ಮನ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯದೇ. ತನ್ನವರಿಗೆ ಕೊಟ್ಟ ಮಾತು ಮುರಿದು, ತನ್ನ ಶಾಸ್ತ್ರವನ್ನೂ ಬಿಡದೆ, ನನಗೊಂದು ದಾರಿ ಹುಡುಕಿದ್ದರು. ನಾನು ಉಳಿದೆ. ಆದರೆ ನನಗೆ ಕೇಳುತ್ತಿದ್ದದ್ದು ಆ ಶಬ್ದ ಮಾತ್ರ. ನಿಮ್ಮ ತಾತ ಹೋದ ಮೇಲೆ ಹಿಂದಿನ ನಲ್ಲಿ ಹತ್ತಿರ ಕೂರಿಸಿ ನನ್ನ ಬಳೆ ತೆಗೆದವರು ನಿಮ್ಮ ಚಿಕ್ಕಜ್ಜಿ. ನೋವಾಗಬಾರದು ಅಂತ ಒಡೆಯಲಿಲ್ಲ. ಸೋಪಿನ ನೊರೆ ಹಚ್ಚಿ, ಒಂದೊಂದನ್ನೇ ಜಾರಿಸಿ, ಸ್ಟೀಲ್ ಬಟ್ಟಲಿಗೆ ಹಾಕಿದರು. ಇದೇ ಶಬ್ದ. ಅವತ್ತು ನನಗೆ ಅದು ಕೇಳಿಸಿರಲೇ ಇಲ್ಲ. ಇಷ್ಟು ತಿಂಗಳಾದ ಮೇಲೆ, ತಾತ ಕಾಲಿಡದ ಮನೆಯಲ್ಲಿ, ಈಗ ಕೇಳಿಸಿತು. ಅವರು ಇಲ್ಲ ಅನ್ನುವುದು ಗೇಟು ದಾಟಿ ಈ ಮನೆಗೂ ಬಂದು ಕುಳಿತಿತ್ತು.

ಕ್ಯಾಮೆರಾ ನನ್ನ ಮುಖದ ಹತ್ತಿರ ಬಂತು. ಅಳಲಿಲ್ಲ.

ಕೊನೆಯ ಮೊರ ನನ್ನದು. ಕೊಡದಿದ್ದರೆ ನಾಗರತ್ನ ಹೋಗುತ್ತಾಳೆ. ಕೊಡೋಣ ಅಂದರೆ ಕೈ ಏಳಲಿಲ್ಲ. ನನ್ನ ಕೈಯಿಂದ ಹೋದ ಕುಂಕುಮ ಅವಳಿಗೆ ಏನು ತರುತ್ತದೋ. ಲಲಿತಾ ಉಸಿರು ಬಿಗಿಹಿಡಿದಿದ್ದು ಕಾಣುತ್ತಿತ್ತು. ನಾಗರತ್ನಳೇ ಮುಂದೆ ಬಂದು ಸೆರಗು ಒಡ್ಡಿದಳು.

"ಕೊಡೇ."

"ನಿನ್ನ ಮನೆಯವರಿಗೆ..." ಅಂದೆ.

"ಅವನಿಗಾ? ಇಷ್ಟು ವರ್ಷ ಇದಾನೋ ಇಲ್ವೋ ಅಂತ ಗೊತ್ತಿಲ್ದೇನೇ ಕುಂಕುಮ ಇಟ್ಕೊಂಡಿದೀನಿ. ನಿನ್ನ ಬಾಗಿನದಿಂದ ಅವನಿಗೇನಾದ್ರೂ ಆಯ್ತು ಅಂದ್ರೆ, ಇಷ್ಟು ದಿನ ಇದ್ದ ಅಂತನಾದ್ರೂ ಗೊತ್ತಾಗುತ್ತಲ್ಲ. ಕೊಡು, ಕೈ ನೋಯ್ತಿದೆ."

ಕಾಮಾಕ್ಷಿ ಫಕ್ಕನೆ ನಕ್ಕುಬಿಟ್ಟಳು. ಪಂಕಜಮ್ಮನವರು "ಶಿವ ಶಿವ" ಅಂತ ಬಾಯಿಗೆ ಸೆರಗು ಒತ್ತಿಕೊಂಡರು, ಅವರ ಹೆಗಲೂ ಕುಣಿಯುತ್ತಿತ್ತು. ನಾನು ಮೊರ ಎತ್ತಿ, ಮೇಲೆ ಸೆರಗು ಮುಚ್ಚಿ, ಅವಳ ಸೆರಗಿಗೆ ಕೊಟ್ಟೆ. ಏನೂ ತೆಗೆಯಲಿಲ್ಲ. ಕುಂಕುಮ, ಕರಿಮಣಿ, ಬಳೆ, ಇದ್ದದ್ದು ಇದ್ದ ಹಾಗೇ ಕೊಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ವಯಸ್ಸಿನಲ್ಲಿ ಅವಳೇ ನನಗಿಂತ ದೊಡ್ಡವಳಿರಬೇಕು.

ಎಲ್ಲರಿಗೂ ಒಂದೊಂದು ಬಾಗಿನ ಬಂದಿತ್ತು. ಈ ವಾರ ಯಾರೂ ಹೋಗುವುದಿಲ್ಲ ಅಂತ ಸ್ಪೀಕರು ಹೇಳಿತು. ಕೋಸಂಬರಿ, ಒಬ್ಬಟ್ಟು ತಂದರು. ಎಲ್ಲರೂ ಗಲಗಲ ಅನ್ನುತ್ತಿದ್ದಾಗ ನಾನು ಗೋಡೆಯ ಕಡೆ ತಿರುಗಿ, "ಸಾರ್, ನಾನು ಮನೆಗೆ ಹೋಗ್ತೀನಿ" ಅಂದೆ. ಆ ಮನೆಯಲ್ಲಿ ಯಾರೂ ಕೇಳದೆ ನಾನಾಗಿ ಆಡಿದ ಮೊದಲ ಮಾತು ಅದು. ಸ್ವಲ್ಪ ಹೊತ್ತಿಗೆ ಡೈರೆಕ್ಟರ್ ಹುಡುಗಿಯೇ ಒಳಗೆ ಬಂದಳು.

"ಅಮ್ಮ, ನೀವು ಸೇಫ್ ಆಗಿದೀರ. ಯಾಕೆ? ನಮ್ಮಿಂದ ಏನಾದ್ರೂ ತಪ್ಪಾಯ್ತಾ? ನಿಜವಾಗ್ಲೂ ನಮಗೆ ಇದು ಗೊತ್ತಿರಲಿಲ್ಲ ಅಮ್ಮ."

"ಗೊತ್ತಿಲ್ಲದೇ ಇರೋದೇ ಒಳ್ಳೇದು ಕಣಮ್ಮ" ಅಂದೆ. "ಇಲ್ಲಿರೋದೂ ಅಲ್ಲಿರೋದೂ ಒಂದೇ ಆಯ್ತು. ಅದಕ್ಕೆ ಹೋಗ್ತೀನಿ." ಅವಳಿಗೆ ಅರ್ಥವಾಗಲಿಲ್ಲ. ತ್ಯಾಗ ಅಂತ ಟೀವಿಯಲ್ಲಿ ಹಾಕಿದರಂತೆ. ಯಾರಿಗಾಗಿ ತ್ಯಾಗ ಅಂತ ಹೇಳಲಿಲ್ಲವಂತೆ.

ಸಂಜೆ ಬಾಗಿಲ ಹತ್ತಿರ ವಿಮಲಾ ಮೇಡಂ ಬಂದು ಆಪರೇಷನ್ ವಿಷಯ ಹೇಳಿದರು. ಅಷ್ಟು ಮಾತು ಬಲ್ಲವರಿಗೆ ಅವತ್ತು ಒಂದು ವಾಕ್ಯ ಮುಗಿಸಲು ಆಗಲಿಲ್ಲ. "ನಾನು ಅದನ್ನೆಲ್ಲಾ ನಂಬಲ್ಲ ತಾಯಮ್ಮನವರೇ. ಆದ್ರೆ ಕೈ..."

"ಕೊಡದೇ ಇದ್ದದ್ದೇ ಒಳ್ಳೇದಾಯ್ತು ಮೇಡಂ. ನಾಳೆ ಹೆಚ್ಚೂಕಮ್ಮಿ ಆಗಿದ್ರೆ ನೀವು ನನ್ನನ್ನ ನೆನೆ ನೆನೆಸ್ಕೊಂಡು ಕೂರ್ತಿದ್ರಿ." ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ, ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, ಕೇಳಿದರು: "ಒಂದು ಹೇಳಿ ಹೋಗಿ. ನೀವು ನಿಜವಾಗ್ಲೂ ಯಾರ ಕಡೆ ಇದ್ರಿ?"

"ನಾನು ಸುಮ್ಮನೆ ಇದ್ದೆ ಮೇಡಂ" ಅಂದೆ.

ಅವರ ಯಜಮಾನರು ಚೆನ್ನಾಗಿ ಎದ್ದು ಓಡಾಡಿದರು. ಆಟದಲ್ಲಿ ಕೊನೆಗೆ ಗೆದ್ದದ್ದು ಕಾಮಾಕ್ಷಿ. ತೂಕಡಿಸುವವಳನ್ನು ಕಳಿಸಲು ಯಾರಿಗೂ ನೆನಪೇ ಆಗಲಿಲ್ಲವಂತೆ.

ನಿಮ್ಮಪ್ಪ ಆಟೋದಲ್ಲಿ ಕರೆದುಕೊಂಡು ಬಂದ. ಮೊರ ತೊಡೆಯ ಮೇಲಿತ್ತು. ಗೇಟು ತೆಗೆದೆ. ಚಪ್ಪಲಿ ಬಿಡುವ ಜಾಗ ಖಾಲಿ ಇತ್ತು. ನನ್ನ ಚಪ್ಪಲಿ ಅಲ್ಲೇ ಬಿಟ್ಟೆ. ಅವರ ಮಂಚದ ಮೇಲೆ ಸಿಂಚನಾ, ನೀನು ಬಣ್ಣದ ಪೆನ್ಸಿಲು ಹರಡಿಕೊಂಡು ಮಲಗಿದ್ದೆ. ನಿಮ್ಮಮ್ಮ ಕೈತೊಳೆದುಕೊಳ್ಳಿ ಅಂತ ಎಲೆ ಹಾಕಿದಳು. ವರ್ಷ ತುಂಬದ ಮನೆಯಲ್ಲಿ ಹಬ್ಬ ಇಲ್ಲ, ಬರೀ ಅನ್ನ, ಬೇಳೆ ಸಾರು. ಮೊದಲ ತುತ್ತು ಬಾಯಿಗಿಟ್ಟೆ.

"ರೂಪಾ, ಸಾರಿಗೆ ಉಪ್ಪು ಒಂಚೂರು ಜಾಸ್ತಿ ಆಯ್ತು" ಅಂದೆ.

ತಾತ ಹೋದಂದಿನಿಂದ ಅವತ್ತಿನವರೆಗೆ ನಾನು ಊಟದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಿಮ್ಮಪ್ಪ ತಿನ್ನುವುದನ್ನು ನಿಲ್ಲಿಸಿದ. ನಿಮ್ಮಮ್ಮ ಸೌಟು ಹಿಡಿದುಕೊಂಡೇ ಅಳಲು ಶುರು ಮಾಡಿದಳು. ಚಿರಂತ್, ನೀನು "ಅಮ್ಮ ಯಾಕೆ ಅಳ್ತಿದಾರೆ, ಸ್ವಲ್ಪ ನೀರು ಹಾಕಿದ್ರೆ ಆಯ್ತಪ್ಪ" ಅಂದೆ. ನನಗೆ ಆಗಲೂ ಕಣ್ಣೀರು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಮೊನ್ನೆ ಹಬ್ಬದ ಬೆಳಿಗ್ಗೆ ನಾಗರತ್ನ ಫೋನು ಮಾಡಿದ್ದಳು. ಪ್ರತಿ ವರ್ಷದ ಮಾತೇ: "ನಿನ್ನ ಬಾಗಿನ ಇನ್ನೂ ಕೆಲಸ ಮಾಡಿಲ್ಲ ಕಣೇ. ಏನೂ ಸುದ್ದಿ ಇಲ್ಲ."

ಪಂಕಜಮ್ಮನವರು ಕೊಟ್ಟ ಮೊರ ಅಟ್ಟದ ಮೇಲಿದೆ, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಅಕ್ಕಿ ಬೇಳೆ ಆಗಲೇ ಉಂಡದ್ದಾಯಿತು. ಅರಿಶಿನ ಮಾಸಿದೆ. ಈ ಹಾಳೆಗಳನ್ನು ಮಡಚಿ ಅದರೊಳಗೇ ಇಡುತ್ತೇನೆ. ಫೋನಿನಲ್ಲಿ ಫೋಟೋ ಹೊಡೆದುಕೊಂಡು ಇವನ್ನು ಎಸೆಯಬೇಡಿ ಮಕ್ಕಳೇ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಯಾರಾದರೂ ಅಟ್ಟ ಖಾಲಿ ಮಾಡಲು ಬಂದರೆ, ಮೊರವನ್ನೂ ಹಾಳೆಯನ್ನೂ ಮೊದಲು ಕೆಳಗಿಳಿಸಿಕೊಳ್ಳಿ. ಒಣಗಿದ ಜಾಗದಲ್ಲಿಡಿ.